ಬೇಸಿಗೆಯಲ್ಲಿ ಆಲ್ಜಿನೇಟ್ ಕೈಗೆ ಸಿಗುವ ಮೊದಲೇ ಗಟ್ಟಿಯಾಗುತ್ತಿದೆ: ಅಳತೆ ಸಾಮಗ್ರಿಗಳ ಬಗ್ಗೆ ಒಂದು ಚರ್ಚೆ

ಕಲಬುರಗಿ ವೈದ್ಯೆ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ಒಂದೇ ಕುರ್ಚಿಯ ದಂತ ಚಿಕಿತ್ಸಾಲಯ ನಡೆಸುತ್ತಿದ್ದೇನೆ. ಏಪ್ರಿಲ್ ಮೊದಲ ವಾರದಿಂದ ಆಲ್ಜಿನೇಟ್, ಅಂದರೆ ನೀರಿನಲ್ಲಿ ಕಲಸಿ ಹಲ್ಲು ಮತ್ತು ವಸಡಿನ ಅಚ್ಚು (ಅಳತೆ) ತೆಗೆಯುವ ಪುಡಿ, ನನ್ನ ಮಾತು ಕೇಳುತ್ತಿಲ್ಲ. ಪೊಟ್ಟಣದ ಮೇಲೆ ಸಾಧಾರಣ ವೇಗದಲ್ಲಿ ಸೆಟ್ ಆಗುವ ಬಗೆ ಎಂದೇ ಮುದ್ರಿಸಿದ್ದಾರೆ. ಜನವರಿಯಲ್ಲಿ ಅದೇ ಕಂಪನಿಯ ಪುಡಿಯನ್ನು ಕಲಸಿ, ಟ್ರೇಗೆ ತುಂಬಿ, ಬಾಯಲ್ಲಿ ಕೂರಿಸಿದ ಮೇಲೂ ಸ್ವಲ್ಪ ಸಮಯ ಕೈಯಲ್ಲಿ ಉಳಿಯುತ್ತಿತ್ತು. ಈಗ ಟ್ರೇ ತುಂಬಿ ಮೇಲ್ಭಾಗವನ್ನು ಒದ್ದೆ ಬೆರಳಿನಿಂದ ಸವರುವಷ್ಟರಲ್ಲಿಯೇ ಹೊಳಪು ಹೋಗಿರುತ್ತದೆ. ಕಳೆದ ವಾರ ತೆಗೆದ ಮೂರು ಮೇಲ್ದವಡೆಯ ಅಳತೆಗಳಲ್ಲಿ ಎರಡು ರವೆರವೆಯಾಗಿ ಬಂದವು, ಒಂದು ಕೋರೆಹಲ್ಲಿನ ಹಿಂದೆ ಹರಿದುಹೋಯಿತು.

ಸಮಯ ಸಿಗಲೆಂದು ನೀರನ್ನು ಸ್ವಲ್ಪ ಹೆಚ್ಚಿಸಿ ನೋಡಿದೆ. ಬಾಯಲ್ಲಿ ಕೂರಿಸಲು ಸುಲಭವಾಯಿತು, ಆದರೆ ಆ ಅಳತೆಯಿಂದ ಎರೆದ ಮಾಡೆಲ್ (ಹಲ್ಲುಗಳ ಗಟ್ಟಿ ಪ್ರತಿರೂಪ) ಮೇಲೆ ಮಾಡಿದ ಪಾರ್ಷಿಯಲ್ ಡೆಂಚರ್ (ಕೆಲವೇ ಹಲ್ಲುಗಳ ಕೃತಕ ದಂತಪಂಕ್ತಿ) ರೋಗಿಯ ಬಾಯಲ್ಲಿ ಅಲುಗಾಡಿತು. ಮಾರಾಟಗಾರರನ್ನು ಕೇಳಿದರೆ ಪುಡಿಯಲ್ಲಿ ದೋಷವಿಲ್ಲ, ಬೇರೆ ಯಾರೂ ದೂರಿಲ್ಲ ಎನ್ನುತ್ತಾರೆ. ನಮ್ಮಲ್ಲಿ ಮಧ್ಯಾಹ್ನ ವಿದ್ಯುತ್ ಹೋದರೆ ಕೊಠಡಿಯ ಉಷ್ಣಾಂಶ 38 ಡಿಗ್ರಿ ದಾಟುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ. ತಪ್ಪು ನನ್ನ ಕೈಯದೋ ಪುಡಿಯದೋ ತಿಳಿಯಬೇಕಾಗಿದೆ.

ನಿವೃತ್ತ ಬೋಧಕ, ದಾವಣಗೆರೆ

ಮೇಡಂ, ಮೊದಲು ನೀರು ಹೆಚ್ಚಿಸುವುದನ್ನು ಇಂದಿನಿಂದಲೇ ನಿಲ್ಲಿಸಿ. ಏಕೆಂಬುದನ್ನು ವಿವರಿಸಲು ಆ ಪುಡಿಯೊಳಗೆ ಏನು ನಡೆಯುತ್ತದೆ ಎಂಬುದರಿಂದ ಆರಂಭಿಸುತ್ತೇನೆ.

ಪುಡಿಯಲ್ಲಿರುವುದು ಕಂದು ಕಡಲಕಳೆಯಿಂದ ತೆಗೆದ ಆಲ್ಜಿನಿಕ್ ಆಮ್ಲದ ಸೋಡಿಯಂ ಅಥವಾ ಪೊಟ್ಯಾಸಿಯಂ ಲವಣ, ಅದರೊಡನೆ ಕ್ಯಾಲ್ಸಿಯಂ ಸಲ್ಫೇಟ್, ಮೈಕಟ್ಟು ಕೊಡಲು ಡಯಾಟಮ್ ಮಣ್ಣು, ಮತ್ತು ಅತ್ಯಲ್ಪ ಪ್ರಮಾಣದ ಟ್ರೈಸೋಡಿಯಂ ಫಾಸ್ಫೇಟ್. ನೀರು ಬಿದ್ದೊಡನೆ ಕರಗುವ ಕ್ಯಾಲ್ಸಿಯಂ ನೇರವಾಗಿ ಆಲ್ಜಿನೇಟ್‌ನ ಬಳಿ ಹೋಗುವುದಿಲ್ಲ. ಮೊದಲ ಪಂಕ್ತಿಯಲ್ಲಿ ಫಾಸ್ಫೇಟ್ ಕುಳಿತಿರುತ್ತದೆ, ಅದಕ್ಕೆ ಬಡಿಸಿ ಮುಗಿದ ಮೇಲೆಯೇ ಎರಡನೆಯ ಪಂಕ್ತಿಗೆ ಎಲೆ ಹಾಕುವುದು. ನಿಮಗೆ ಕಲಸಲು, ತುಂಬಲು, ಕೂರಿಸಲು ದೊರೆಯುವ ಸಮಯವೆಂದರೆ ಆ ಫಾಸ್ಫೇಟ್ ತೀರುವವರೆಗಿನ ಸಮಯ ಅಷ್ಟೇ. ಅದು ತೀರಿದ ಕೂಡಲೇ ಕ್ಯಾಲ್ಸಿಯಂ ಅಯಾನುಗಳು ಆಲ್ಜಿನೇಟ್‌ನ ಉದ್ದನೆಯ ಸರಪಳಿಗಳನ್ನು ಒಂದಕ್ಕೊಂದು ಬೆಸೆದು ಜೆಲ್ ಆಗಿಸುತ್ತವೆ, ಮತ್ತು ಆ ಬದಲಾವಣೆಯನ್ನು ಹಿಂದಕ್ಕೆ ತಿರುಗಿಸಲಾಗದು. ನೀರು ಬೆಚ್ಚಗಿದ್ದಷ್ಟೂ ಈ ಎರಡೂ ಕ್ರಿಯೆಗಳು ವೇಗವಾಗುತ್ತವೆ. ನಿಮ್ಮ ಛಾವಣಿಯ ಮೇಲಿನ ಟ್ಯಾಂಕಿನಿಂದ ಮಧ್ಯಾಹ್ನ ನಲ್ಲಿಗೆ ಬರುವ ನೀರಿನ ಉಷ್ಣಾಂಶವನ್ನು ಒಮ್ಮೆ ಅಳೆದು ನೋಡಿ. ಪುಡಿಯ ಮೇಲಿನ ಅನುಮಾನ ಅಲ್ಲಿಯೇ ಬಹುಪಾಲು ಕರಗುತ್ತದೆ. ಬೋರ್‌ವೆಲ್ ನೀರಾದರೆ ಅದರಲ್ಲಿರುವ ಕ್ಯಾಲ್ಸಿಯಂ ಕೂಡ ತನ್ನ ಪಾಲಿನ ಆತುರವನ್ನು ಸೇರಿಸುತ್ತದೆ.

ಹಾಗಾಗಿ ಸಮಯವನ್ನು ನಿಯಂತ್ರಿಸಲು ವೈದ್ಯರ ಕೈಯಲ್ಲಿರುವ ಸುರಕ್ಷಿತ ಸಾಧನ ನೀರಿನ ಉಷ್ಣಾಂಶವೊಂದೇ. ನೀರು ಹೆಚ್ಚಿಸಿದರೆ ಸಮಯವೇನೋ ಸಿಗುತ್ತದೆ, ಆದರೆ ಜೆಲ್‌ನ ಬಲವೂ ಹರಿಯದೆ ನಿಲ್ಲುವ ಗುಣವೂ ಕುಸಿಯುತ್ತವೆ. ನೀರು ಕಡಿಮೆ ಮಾಡಿದರೆ ಕಲಸು ಒರಟಾಗುತ್ತದೆ. ಶುದ್ಧೀಕರಿಸಿದ ನೀರನ್ನು ಫ್ರಿಜ್‌ನಲ್ಲಿಟ್ಟು, ಬಳಸುವ ಮುನ್ನ ಸಾಮಾನ್ಯ ನೀರಿನೊಡನೆ ಬೆರೆಸಿ 20 ಡಿಗ್ರಿಯ ಆಸುಪಾಸಿಗೆ ತಂದುಕೊಳ್ಳಿ. ಬೌಲ್ ಮತ್ತು ಸ್ಪಾಚುಲಾಗಳನ್ನೂ ತಣ್ಣೀರಿನಲ್ಲಿ ಅದ್ದಿ, ಚೆನ್ನಾಗಿ ಒರೆಸಿ ಬಳಸಿ. 38 ಡಿಗ್ರಿಯ ರಬ್ಬರ್ ಬೌಲ್ ನೀವು ತಣಿಸಿದ ಆ ಅಷ್ಟಿಷ್ಟು ನೀರನ್ನು ಅರೆ ನಿಮಿಷದಲ್ಲಿ ಬೆಚ್ಚಗಾಗಿಸಿಬಿಡುತ್ತದೆ.

ಇನ್ನೊಂದು ವಿಷಯ. ಡಬ್ಬಿಯನ್ನು ಎಲ್ಲಿ ಇಟ್ಟಿದ್ದೀರಿ? 54 ಡಿಗ್ರಿಯಲ್ಲಿ ಸಂಗ್ರಹಿಸಿದ ಪುಡಿ ಕೆಡುವ ಲಕ್ಷಣ ತೋರುತ್ತದೆ, 65 ಡಿಗ್ರಿಯಲ್ಲಿ ಒಂದು ತಿಂಗಳಿಟ್ಟ ಪುಡಿ ಒಂದೋ ಸೆಟ್ ಆಗುವುದೇ ಇಲ್ಲ, ಇಲ್ಲವೇ ವಿಪರೀತ ಬೇಗ ಸೆಟ್ ಆಗುತ್ತದೆ ಎಂಬುದು ಪಠ್ಯಪುಸ್ತಕಗಳಲ್ಲಿಯೇ ಇರುವ ಮಾತು. ತಗಡಿನ ಛಾವಣಿಯ ಗೋದಾಮು, ಬಿಸಿಲಿನಲ್ಲಿ ನಿಲ್ಲಿಸಿದ ವಾಹನ ಇವುಗಳ ಒಳಗಿನ ಬಿಸಿಯನ್ನು ನಿಮ್ಮ ಮಾರಾಟಗಾರರು ಎಂದಾದರೂ ಯೋಚಿಸಿದ್ದಾರೆಯೇ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಮಂಗಳೂರು ಕ್ಲಿನಿಕ್

ಸರ್ ಹೇಳಿದ ತಣ್ಣನೆಯ ಬೌಲ್ ಉಪಾಯ ಕಲಬುರಗಿಯ ಒಣಬಿಸಿಲಿಗೆ ಸರಿ. ಕರಾವಳಿಯಲ್ಲಿರುವವರು ಒಂದು ಎಚ್ಚರಿಕೆ ವಹಿಸಬೇಕು. ನಮ್ಮಲ್ಲಿ ಫ್ರಿಜ್‌ನಿಂದ ಹೊರತೆಗೆದ ಬೌಲ್ ಒಂದೇ ನಿಮಿಷದಲ್ಲಿ ಬೆವರುತ್ತದೆ, ಆ ಹನಿಗಳೆಲ್ಲ ಅಳೆದು ಹಾಕಿದ ನೀರಿಗೆ ಸೇರುತ್ತವೆ.

ಆಲ್ಜಿನೇಟ್‌ನಲ್ಲಿ ಇದು ಸಣ್ಣ ತೊಂದರೆ. ಸಂಪೂರ್ಣ ದಂತಪಂಕ್ತಿಗೆ ಬಳಸುವ ಜಿಂಕ್ ಆಕ್ಸೈಡ್ ಯೂಜಿನಾಲ್ ಪೇಸ್ಟ್‌ನಲ್ಲಿ ಮಾತ್ರ ಇದು ದೊಡ್ಡ ತೊಂದರೆ, ಏಕೆಂದರೆ ಆ ಪೇಸ್ಟ್ ಸೆಟ್ ಆಗುವ ಕ್ರಿಯೆಯನ್ನು ನೀರೇ ಚುರುಕುಗೊಳಿಸುತ್ತದೆ. ವರ್ಷಗಳ ಹಿಂದೆ ಪೇಸ್ಟ್ ಬೇಗ ಗಟ್ಟಿಯಾಗುತ್ತದೆಂದು ಗಾಜಿನ ಸ್ಲ್ಯಾಬನ್ನು ಫ್ರಿಜ್‌ನಲ್ಲಿಟ್ಟು ತಂದು ಕಲಸಿದೆ, ಅದು ಮೊದಲಿಗಿಂತಲೂ ಬೇಗ ಗಟ್ಟಿಯಾಯಿತು! ಸ್ಲ್ಯಾಬ್ ಮೇಲೆ ಕಣ್ಣಿಗೆ ಕಾಣದಂತೆ ಕಟ್ಟಿದ್ದ ತೇವವೇ ಅದಕ್ಕೆ ಕಾರಣವೆಂದು ತಿಳಿಯಲು ನನಗೆ ಎರಡು ಮಳೆಗಾಲಗಳು ಬೇಕಾದವು. ತಣಿಸಬಹುದು, ಆದರೆ ಗಾಳಿಯ ತೇವ ಹನಿಗಟ್ಟುವಷ್ಟು ತಣಿಸಬಾರದು.

ಹೌಸ್ ಸರ್ಜನ್

ಸರ್, ನನ್ನದೊಂದು ಪ್ರಶ್ನೆ. ಬಾಯಲ್ಲಿರುವ ಆಲ್ಜಿನೇಟ್ ಸೆಟ್ ಆಗಿದೆಯೇ ಎಂದು ನೋಡಲು ನಾವು ಬೌಲ್‌ನಲ್ಲಿ ಉಳಿದ ಮುದ್ದೆಯನ್ನು ಒತ್ತಿ ನೋಡುತ್ತೇವೆ. ಅದು ಅಂಟದಿದ್ದರೆ ಟ್ರೇ ತೆಗೆಯುತ್ತೇವೆ. ಇದು ಸರಿಯಾದ ಕ್ರಮವೇ? ರೋಗಿಗೆ ವಾಕರಿಕೆ ಇದ್ದಾಗ ಎಷ್ಟು ಹೊತ್ತು ಹಿಡಿಯಬೇಕು?

ನಿವೃತ್ತ ಬೋಧಕ, ದಾವಣಗೆರೆ

ಕೊಠಡಿ 23 ಡಿಗ್ರಿ ಇದ್ದಾಗ ಆ ಪರೀಕ್ಷೆ ನಿಮ್ಮನ್ನು ಕಾಪಾಡುತ್ತದೆ. ಬಾಯಿ ಬೌಲ್‌ಗಿಂತ ಬೆಚ್ಚಗಿರುವುದರಿಂದ ಬೌಲ್‌ನ ಮುದ್ದೆ ಗಟ್ಟಿಯಾಗುವ ಹೊತ್ತಿಗೆ ಬಾಯೊಳಗಿನದು ಖಂಡಿತವಾಗಿ ಗಟ್ಟಿಯಾಗಿರುತ್ತದೆ. ಕೊಠಡಿಯೇ 38 ಡಿಗ್ರಿಯಾದಾಗ ಆ ಅಂತರ ಇಲ್ಲವಾಗುತ್ತದೆ, ಬೌಲ್‌ನ ಮುದ್ದೆ ಹೇಳುವ ಮಾತನ್ನು ಆಗ ನಂಬಲಾಗದು. ಟ್ರೇಯ ಅಂಚಿನಿಂದ ಹೊರಬಂದ ಆಲ್ಜಿನೇಟನ್ನೇ ಬೆರಳಿನಿಂದ ಮುಟ್ಟಿ ನೋಡುವುದನ್ನು ರೂಢಿಸಿಕೊಳ್ಳಿ.

ಅಂಟು ಹೋದ ಕ್ಷಣದಲ್ಲಿಯೇ ತೆಗೆಯುವುದು ಅವಸರವಾಗುತ್ತದೆ. ಜೆಲ್ ಆದ ನಂತರದ ಮೊದಲ ನಾಲ್ಕು ನಿಮಿಷಗಳಲ್ಲಿ ಅದರ ಬಲ ಇಮ್ಮಡಿಯಾಗುತ್ತದೆ. ಆದ್ದರಿಂದ ಅಂಟು ಹೋದ ಮೇಲೆ ಎರಡರಿಂದ ಮೂರು ನಿಮಿಷ ಹಿಡಿಯಿರಿ. ಹಾಗೆಂದು ಆರೇಳು ನಿಮಿಷ ಹಿಡಿದರೆ ಕೆಲವು ಆಲ್ಜಿನೇಟ್‌ಗಳಲ್ಲಿ ವಿರೂಪ ಹೆಚ್ಚುತ್ತದೆ. ಹಿಡಿಯುವಾಗ ಕೈ ಅಲುಗಬಾರದು. ಅಲ್ಲಿಯೇ ಬಹಳಷ್ಟು ಅಳತೆಗಳು ಕೆಡುವುದು: ಬೆಚ್ಚಗಿನ ಹಲ್ಲು ಮತ್ತು ವಸಡಿಗೆ ತಾಗಿದ ಪದರ ಮೊದಲು ಗಟ್ಟಿಯಾಗುತ್ತದೆ, ಟ್ರೇಯ ಬದಿಯದು ಆಮೇಲೆ. ಹೊರಗಿನಿಂದ ಇನ್ನೂ ಮೆತ್ತಗಿದೆ ಎಂದುಕೊಂಡು ನೀವು ಟ್ರೇಯನ್ನು ಇನ್ನೊಂದಿಷ್ಟು ಒತ್ತಿದರೆ, ಹಲ್ಲಿನ ರೂಪವನ್ನು ಹಿಡಿದಿಟ್ಟಿರುವ ಆ ಒಳಪದರದಲ್ಲಿಯೇ ಒತ್ತಡ ಸೇರಿಕೊಳ್ಳುತ್ತದೆ, ಟ್ರೇ ತೆಗೆದ ಮೇಲೆ ಅದು ಬಿಡುಗಡೆಯಾಗಿ ಆಕಾರ ಬದಲಾಗುತ್ತದೆ. ಅಳತೆ ನೋಡಲು ನುಣುಪಾಗಿಯೇ ಇರುತ್ತದೆ, ಹಾಗಾಗಿ ತಪ್ಪು ಕಣ್ಣಿಗೆ ಬೀಳುವುದಿಲ್ಲ.

ತೆಗೆಯುವಾಗ ಒಂದೇ ಸಲಕ್ಕೆ, ಹಲ್ಲಿನ ಉದ್ದದ ದಿಕ್ಕಿನಲ್ಲಿ ಚಟ್ಟನೆ ತೆಗೆಯಿರಿ. ನಿಧಾನವಾಗಿ ಅಲ್ಲಾಡಿಸುತ್ತ ಬಿಡಿಸಿದರೆ ರೋಗಿಗೆ ಹಿತವೆನಿಸಬಹುದು, ಆದರೆ ಆಲ್ಜಿನೇಟ್ ಎಳೆತವನ್ನು ಕ್ಷಣಕಾಲ ತಾಳುತ್ತದೆಯೇ ಹೊರತು ಹೆಚ್ಚು ಹೊತ್ತು ತಾಳುವುದಿಲ್ಲ. ಟ್ರೇ ಮತ್ತು ಹಲ್ಲಿನ ನಡುವೆ ಕನಿಷ್ಠ 3 ಮಿಲಿಮೀಟರ್ ದಪ್ಪ ಇದ್ದರೆ ಹರಿಯುವ ಸಂಭವ ಕಡಿಮೆ. ವಾಕರಿಕೆಯವರಿಗೆ ಬೇಗ ಸೆಟ್ ಆಗುವ ಬಗೆಯನ್ನು ಬಳಸಿ, ಮೇಲ್ದವಡೆಯ ಟ್ರೇಯನ್ನು ಹಿಂದಿನಿಂದ ಮೊದಲು ಕೂರಿಸಿ, ತಲೆಯನ್ನು ಮುಂದಕ್ಕೆ ಬಾಗಿಸಲು ಹೇಳಿ.

ಲ್ಯಾಬ್ ತಂತ್ರಜ್ಞ, ಬೆಂಗಳೂರು

ವೈದ್ಯರೆಲ್ಲ ಬಾಯೊಳಗಿನ ಕಥೆ ಹೇಳಿದಿರಿ, ಟ್ರೇ ಹೊರಬಂದ ಮೇಲಿನ ಕಥೆಯನ್ನು ನಾನು ಹೇಳುತ್ತೇನೆ. ಹೊರ ಊರುಗಳಿಂದ ರಾತ್ರಿ ಬಸ್ಸಿನ ಪಾರ್ಸೆಲ್‌ನಲ್ಲಿ ಆಲ್ಜಿನೇಟ್ ಅಳತೆಗಳು ಈಗಲೂ ನಮಗೆ ಬರುತ್ತವೆ. ಕೆಲವು ಒಣಗಿ ಟ್ರೇಯಿಂದ ಬಿಟ್ಟುಕೊಂಡಿರುತ್ತವೆ, ಕೆಲವನ್ನು ನೀರು ತೊಟ್ಟಿಕ್ಕುವ ಹತ್ತಿಯಲ್ಲಿ ಸುತ್ತಿರುತ್ತಾರೆ. ಎರಡೂ ಕೆಲಸಕ್ಕೆ ಬಾರವು. ಜೆಲ್‌ನ ಬಹುಭಾಗ ನೀರೇ. ತೆರೆದಿಟ್ಟರೆ ನೀರು ಆರಿ ಕುಗ್ಗುತ್ತದೆ, ಒದ್ದೆಯಲ್ಲಿ ಇಟ್ಟರೆ ನೀರು ಹೀರಿ ಉಬ್ಬುತ್ತದೆ, ತೇವದ ಗಾಳಿಯಲ್ಲಿ ಮುಚ್ಚಿಟ್ಟರೂ ತಾನೇ ಬೆವರಿ ಮೇಲ್ಮೈಗೆ ದ್ರವವನ್ನು ಬಿಡುತ್ತ ಕುಗ್ಗುತ್ತದೆ. ಒಮ್ಮೆ ಕುಗ್ಗಿದ್ದನ್ನು ನೀರಿನಲ್ಲಿ ಅದ್ದಿ ಮೊದಲಿನ ಅಳತೆಗೆ ತರಬಹುದೆಂದು ನಂಬಿದವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಡಾಕ್ಟರೇ, ನಿಮ್ಮ ಚಿಕಿತ್ಸಾಲಯದಲ್ಲಿಯೇ ಮಾಡೆಲ್ ಎರೆದು, ಮಾಡೆಲನ್ನು ಕಳುಹಿಸಿ. ಅಳತೆಯನ್ನು ಹರಿಯುವ ನೀರಿನಲ್ಲಿ ತೊಳೆದು ಜೊಲ್ಲು ಮತ್ತು ರಕ್ತ ಹೋಗಿಸಿ, ಸೋಂಕುನಿವಾರಕ ಸಿಂಪಡಿಸಿ, ಮುಚ್ಚಿದ ಚೀಲದಲ್ಲಿ ಹತ್ತು ನಿಮಿಷ ಮೀರದಂತೆ ಇಟ್ಟು, ಮತ್ತೆ ತೊಳೆದು, ನಿಂತ ನೀರನ್ನು ಜಾಡಿಸಿ ತಕ್ಷಣ ಎರೆಯಿರಿ. ಜೊಲ್ಲಿನ ಪದರ ಉಳಿದರೆ ಸ್ಟೋನ್‌ನ (ಮಾಡೆಲ್ ಎರೆಯುವ ಜಿಪ್ಸಂನ) ಮೇಲ್ಮೈ ಸೀಮೆಸುಣ್ಣದಂತೆ ಉದುರುತ್ತದೆ. ಸ್ಟೋನ್ ಕಲಸುವಾಗ ಕೂಡ ಅಂದಾಜಿನ ಮೇಲೆ ನೀರು ಹಾಕುವವರೇ ಹೆಚ್ಚು; ಸಾಮಾನ್ಯ ಡೆಂಟಲ್ ಸ್ಟೋನ್‌ನ 100 ಗ್ರಾಂಗೆ 30 ಮಿಲಿಲೀಟರ್ ಆಸುಪಾಸಿನ ನೀರು ಸಾಕು. ಗಟ್ಟಿಯಾದ ಮಾಡೆಲನ್ನು ಗಂಟೆಯೊಳಗೆ ಬಿಡಿಸಿ. ರಾತ್ರಿಯಿಡೀ ಆಲ್ಜಿನೇಟ್‌ನೊಳಗೆ ಬಿಟ್ಟ ಮಾಡೆಲ್‌ನ ಮುಖ ಕೆಡುತ್ತದೆ, ಒಣಗಿದ ಆಲ್ಜಿನೇಟನ್ನು ಕೀಳುವಾಗ ಹಲ್ಲಿನ ತುದಿಗಳು ಮುರಿಯುತ್ತವೆ.

ಕಲಬುರಗಿ ವೈದ್ಯೆ

ಎಲ್ಲರಿಗೂ ಕೃತಜ್ಞತೆಗಳು. ಮಧ್ಯಾಹ್ನ ಎರಡು ಗಂಟೆಗೆ ನಲ್ಲಿಯ ನೀರನ್ನು ಅಳೆದೆ: 36 ಡಿಗ್ರಿ. ಹೆಚ್ಚು ಹೇಳಬೇಕಾಗಿಲ್ಲ. ಶುದ್ಧೀಕರಿಸಿದ ನೀರನ್ನು ತಣಿಸಿ 20 ಡಿಗ್ರಿಗೆ ತಂದು, ಪುಡಿಯನ್ನು ಡಬ್ಬಿ ಅಲುಗಿಸಿ ಸಡಿಲಗೊಳಿಸಿದ ಮೇಲೆಯೇ ಅಳೆದು, ಮೊದಲು ನೀರು ನಂತರ ಪುಡಿ ಎಂಬ ಕ್ರಮದಲ್ಲಿ ಬೌಲ್‌ನ ಗೋಡೆಗೆ ಒತ್ತಿ ಕಲಸಿದೆ. ಐದು ದಿನಗಳಲ್ಲಿ ತೆಗೆದ ಎಂಟು ಅಳತೆಗಳಲ್ಲಿ ಒಂದನ್ನು ಮಾತ್ರ ಮತ್ತೆ ತೆಗೆಯಬೇಕಾಯಿತು, ಅದೂ ರೋಗಿ ಕೆಮ್ಮಿದ್ದರಿಂದ.

ಈಗ ಎರಡನೆಯ ಸಮಸ್ಯೆ. ಕೆಳದವಡೆಯ ಮೊದಲ ದವಡೆಹಲ್ಲಿಗೆ ಕ್ರೌನ್ (ಹಲ್ಲಿನ ಮೇಲೆ ಕೂರುವ ಕವಚ) ಮಾಡಲು ಅಡಿಷನ್ ಸಿಲಿಕೋನ್ ಎಂಬ ರಬ್ಬರಿನಂಥ ಸಾಮಗ್ರಿಯ ಪುಟ್ಟಿ (ಗಟ್ಟಿ ಮುದ್ದೆ) ಮತ್ತು ಲೈಟ್ ಬಾಡಿಯಲ್ಲಿ (ತೆಳುವಾಗಿ ಹರಿಯುವ ಬಗೆ) ಅಳತೆ ತೆಗೆದೆ. ಎಲ್ಲ ಕಡೆಯೂ ಸೆಟ್ ಆಗಿತ್ತು, ಮಾರ್ಜಿನ್‌ನ (ಕ್ರೌನ್ ಕೊನೆಗೊಳ್ಳುವ ಅಂಚಿನ) ಸುತ್ತ ಮಾತ್ರ ಜಿಡ್ಡುಜಿಡ್ಡಾಗಿ, ಬೆರಳಿಗೆ ಅಂಟುವಂತೆ ಉಳಿಯಿತು. ಆಲ್ಜಿನೇಟ್ ಬೇಗ ಸೆಟ್ ಆಗುವ ಇದೇ ಕೊಠಡಿಯಲ್ಲಿ ಸಿಲಿಕೋನ್ ಸೆಟ್ ಆಗದೆ ಉಳಿಯುವುದೆಂದರೆ ಏನರ್ಥ? ಪುಟ್ಟಿಯನ್ನು ಸಹಾಯಕಿ ಕಲಸಿದ್ದು ವಿನೈಲ್ ಕೈಗವಸು ಹಾಕಿಕೊಂಡೇ.

ಮಂಗಳೂರು ಕ್ಲಿನಿಕ್

ಪುಟ್ಟಿ ಕಲಸಿದವರ ಕೈಗವಸನ್ನು ಬಿಡಿ, ಕಾರ್ಡ್ (ವಸಡನ್ನು ಸರಿಸಲು ಹಲ್ಲಿನ ಸುತ್ತ ಇಡುವ ದಾರ) ಇಟ್ಟವರ ಕೈಯಲ್ಲಿ ಏನಿತ್ತು? ಲೇಟೆಕ್ಸ್ ಆಗಿದ್ದರೆ ಕಾರಣ ಅದೇ. ಲೇಟೆಕ್ಸ್‌ನಲ್ಲಿ ಉಳಿದಿರುವ ಗಂಧಕದ ಸಂಯುಕ್ತಗಳು ಅಡಿಷನ್ ಸಿಲಿಕೋನ್‌ನ ಪ್ಲಾಟಿನಂ ವೇಗವರ್ಧಕವನ್ನು ನಿಷ್ಕ್ರಿಯಗೊಳಿಸುತ್ತವೆ. ಪುಟ್ಟಿಯನ್ನು ನೇರವಾಗಿ ಮುಟ್ಟಬೇಕೆಂದಿಲ್ಲ; ಆ ಬೆರಳು ಹಲ್ಲನ್ನೋ ವಸಡನ್ನೋ ಕಾರ್ಡನ್ನೋ ಸವರಿದರೂ ಸಾಕು, ಅದನ್ನು ತಾಗಿದ ತೆಳುಪದರ ಸೆಟ್ ಆಗದೆ ಉಳಿಯುತ್ತದೆ. ಕೈಗವಸು ತೆಗೆದು ಬರಿಗೈಯಲ್ಲಿ ಪುಟ್ಟಿ ಕಲಸುವವರೂ ಮೊದಲು ಕೈ ತೊಳೆಯಬೇಕು.

ನಿವೃತ್ತ ಬೋಧಕ, ದಾವಣಗೆರೆ

ಒಪ್ಪುತ್ತೇನೆ, ಇನ್ನೆರಡು ಕಾರಣಗಳನ್ನು ಸೇರಿಸುತ್ತೇನೆ. ಕಾರ್ಡ್‌ಗೆ ಹಚ್ಚಿದ ಅಲ್ಯೂಮಿನಿಯಂ ಕ್ಲೋರೈಡ್ ಅಥವಾ ಫೆರಿಕ್ ಸಲ್ಫೇಟ್ ಚೆನ್ನಾಗಿ ತೊಳೆಯದೆ ಉಳಿದಿದ್ದರೆ ಮೇಲ್ಮೈಯ ಸ್ಪಷ್ಟತೆ ಕೆಡಬಹುದು. ಅದೇ ಭೇಟಿಯಲ್ಲಿ ಕಾಂಪೊಸಿಟ್ ಕೋರ್ (ಹಲ್ಲಿನ ಕಳೆದುಹೋದ ಭಾಗವನ್ನು ರಾಳದಿಂದ ತುಂಬುವುದು) ಕಟ್ಟಿದ್ದರೆ, ಗಾಳಿ ತಾಗಿ ಪೂರ್ತಿ ಗಟ್ಟಿಯಾಗದೆ ಉಳಿದ ಅದರ ಹೊರಪದರ ಕೂಡ ಸಿಲಿಕೋನನ್ನು ತಡೆಯುತ್ತದೆ. ಆಲ್ಕೊಹಾಲ್ ಅದ್ದಿದ ಹತ್ತಿಯಿಂದ ಒರೆಸಿ ಮುಂದುವರಿಯಬೇಕು. ಲೈಟ್ ಬಾಡಿಯ ಜೋಡಿ ಕೊಳವೆಯಾದ ಕಾರ್ಟ್ರಿಜ್‌ಗೆ ತುದಿ ಜೋಡಿಸುವ ಮೊದಲು ಸ್ವಲ್ಪ ಹೊರಸುರಿದು ಎರಡೂ ರಂಧ್ರಗಳಿಂದ ಸಮನಾಗಿ ಬರುತ್ತಿದೆಯೇ ಎಂದು ನೋಡುವುದು ಎಲ್ಲರಿಗೂ ಗೊತ್ತು, ಅವಸರದಲ್ಲಿ ಎಲ್ಲರೂ ಮರೆಯುತ್ತಾರೆ.

ಪುಟ್ಟಿಯ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುತ್ತೇನೆ. ಸಿಲಿಕೋನ್ ಬೆರೆಸಿದ ಕ್ಷಣದಿಂದಲೇ ಅದರ ಸರಪಳಿಗಳು ಬೆಸೆಯತೊಡಗುತ್ತವೆ. ತಯಾರಕರು ಮುದ್ರಿಸುವ ಕೆಲಸದ ಸಮಯ ಸಾಮಾನ್ಯವಾಗಿ 23 ಡಿಗ್ರಿಯ ಕೊಠಡಿಯದು. ನಿಮ್ಮ ಕೊಠಡಿಯಲ್ಲಿ ಕೂರಿಸುವ ಹೊತ್ತಿಗೆ ಪುಟ್ಟಿಗೆ ಆಗಲೇ ಸ್ಥಿತಿಸ್ಥಾಪಕತೆ ಬಂದಿದ್ದರೆ, ಒತ್ತಿದಾಗ ಹಿಗ್ಗಿ, ಬಾಯಿಂದ ತೆಗೆದ ಮೇಲೆ ಹಿಂದಕ್ಕೆ ಸರಿದು ಹಲ್ಲಿನ ಅಚ್ಚನ್ನು ಕಿರಿದಾಗಿಸುತ್ತದೆ. ಕ್ರೌನ್ ಬಿಗಿಯಾಗಿ ಬರುವುದಕ್ಕೆ ಲ್ಯಾಬ್‌ನವರನ್ನು ದೂರುವ ಮುನ್ನ ಇದನ್ನು ನೋಡಿಕೊಳ್ಳಬೇಕು. ಆದ್ದರಿಂದ ಬೇಸಿಗೆಯಲ್ಲಿ ಪುಟ್ಟಿಯ ಅಳತೆಯನ್ನು ಮೊದಲು ತೆಗೆದು, ಎರಡನೆಯ ಹಂತದಲ್ಲಿ ಲೈಟ್ ಬಾಡಿ ಹಾಕುವ ಕ್ರಮವನ್ನೇ ನಾನು ಮೆಚ್ಚುತ್ತೇನೆ.

ಲ್ಯಾಬ್ ತಂತ್ರಜ್ಞ, ಬೆಂಗಳೂರು

ಸರ್, ಗೌರವದಿಂದಲೇ ಭಿನ್ನಾಭಿಪ್ರಾಯ ಹೇಳುತ್ತೇನೆ. ಎರಡು ಹಂತದಲ್ಲಿ ತೆಗೆದ ಅಳತೆಗಳಲ್ಲಿಯೇ ನಾನು ಹೆಚ್ಚು ಬಿಗಿ ಕ್ರೌನ್‌ಗಳನ್ನು ಕಂಡಿದ್ದೇನೆ. ಕಾರಣ, ಬಹುತೇಕರು ಪುಟ್ಟಿಯಲ್ಲಿ ಲೈಟ್ ಬಾಡಿಗೆ ಜಾಗವನ್ನೇ ಬಿಡುವುದಿಲ್ಲ. ಪ್ಲಾಸ್ಟಿಕ್ ಹಾಳೆ ಹೊದಿಸದೆ, ಹಲ್ಲುಗಳ ನಡುವಿನ ಗೋಡೆಗಳನ್ನು ಕತ್ತರಿಸದೆ, ಹೊರಹರಿಯಲು ಕಾಲುವೆ ಕೊರೆಯದೆ ಲೈಟ್ ಬಾಡಿ ತುಂಬಿ ಒತ್ತಿದರೆ ಅದಕ್ಕೆ ಹೋಗಲು ದಾರಿಯೇ ಇರುವುದಿಲ್ಲ. ಸೆಟ್ ಆದ ಪುಟ್ಟಿ ಹಿಂದಕ್ಕೆ ಒತ್ತಿಕೊಂಡು, ಟ್ರೇ ತೆಗೆದ ಮೇಲೆ ಮುಂದಕ್ಕೆ ಬರುತ್ತದೆ. ನೀವು ಈಗ ತಾನೇ ಹೇಳಿದ ತಪ್ಪೇ ಬೇರೆ ದಾರಿಯಲ್ಲಿ ಬಂದಂತಾಯಿತು. ಪುಟ್ಟಿ ಮತ್ತು ಲೈಟ್ ಬಾಡಿ ಎರಡನ್ನೂ ಒಟ್ಟಿಗೆ ಕೂರಿಸಿ ಒಂದೇ ಹಂತದಲ್ಲಿ ತೆಗೆದವುಗಳಲ್ಲಿ ಮಾರ್ಜಿನ್ ಲೈಟ್ ಬಾಡಿಯ ಬದಲು ಪುಟ್ಟಿಯಲ್ಲಿ ಬಿದ್ದಿರುವ ದೋಷವುಂಟು, ಆದರೆ ಅದು ಬಣ್ಣದಿಂದಲೇ ಕಣ್ಣಿಗೆ ಕಾಣುತ್ತದೆ, ಮತ್ತೆ ತೆಗೆಯಿರಿ ಎಂದು ಫೋನ್ ಮಾಡಬಹುದು. ಕಾಣದ ತಪ್ಪಿಗೆ ನಾನು ಯಾರಿಗೆ ಫೋನ್ ಮಾಡಲಿ?

ನಿವೃತ್ತ ಬೋಧಕ, ದಾವಣಗೆರೆ

ನಿಮ್ಮ ಆಕ್ಷೇಪ ನ್ಯಾಯವಾದುದು. ಜಾಗ ಬಿಡದ ಎರಡು ಹಂತಕ್ಕಿಂತ ಸಮಯಕ್ಕೆ ಸರಿಯಾಗಿ ಕೂರಿಸಿದ ಒಂದು ಹಂತವೇ ಮೇಲು ಎಂದು ನನ್ನ ಮಾತನ್ನು ತಿದ್ದಿಕೊಳ್ಳುತ್ತೇನೆ. ಒಂದೇ ಹಂತ ಮಾಡುವವರು ಇಬ್ಬರು ಇರಲೇಬೇಕು, ಒಬ್ಬರು ಪುಟ್ಟಿ ಕಲಸುವಾಗ ಇನ್ನೊಬ್ಬರು ಲೈಟ್ ಬಾಡಿ ಹಾಕಬೇಕು. ಕಾರ್ಟ್ರಿಜ್ ಮತ್ತು ಪುಟ್ಟಿಯನ್ನು ಫ್ರಿಜ್‌ನ ಕೆಳಭಾಗದಲ್ಲಿಟ್ಟು ಸ್ವಲ್ಪ ತಣಿಸಿದರೆ ಸಮಯ ದೊರೆಯುತ್ತದೆ. ಅತಿಯಾಗಿ ತಣಿಸಿದ ಪುಟ್ಟಿ ಕೈಗೆ ಬಗ್ಗುವುದಿಲ್ಲ.

ಹೌಸ್ ಸರ್ಜನ್

ಸಿಲಿಕೋನ್ ಅಳತೆಯನ್ನೂ ತಕ್ಷಣವೇ ಎರೆಯಬೇಕೇ?

ಲ್ಯಾಬ್ ತಂತ್ರಜ್ಞ, ಬೆಂಗಳೂರು

ಅಡಿಷನ್ ಸಿಲಿಕೋನ್ ಆದರೆ ಅವಸರ ಬೇಡ, ಅವಸರ ಮಾಡಿದರೇ ತೊಂದರೆ. ಸೆಟ್ ಆಗುವಾಗ ಅದರಿಂದ ಉಪಉತ್ಪನ್ನ ಹೊರಬರುವುದಿಲ್ಲವಾದ್ದರಿಂದ ಆಕಾರ ದಿನಗಟ್ಟಲೆ ನಿಲ್ಲುತ್ತದೆ. ಆದರೆ ಕೆಲವು ಬಗೆಗಳಲ್ಲಿ ಉಳಿದ ಹೈಡ್ರೈಡ್‌ನಿಂದ ಹೈಡ್ರೋಜನ್ ಅನಿಲ ಸ್ವಲ್ಪ ಹೊತ್ತು ಹೊರಬರುತ್ತಿರುತ್ತದೆ, ಆಗ ಎರೆದರೆ ಮಾಡೆಲ್ ಮೇಲೆ ಸೂಜಿಮೊನೆಯ ರಂಧ್ರಗಳು ಮೂಡುತ್ತವೆ. ಅದನ್ನು ಹೀರಿಕೊಳ್ಳಲೆಂದು ಪೆಲ್ಲಾಡಿಯಂ ಸೇರಿಸಿದ ಸಾಮಗ್ರಿಗಳಿವೆ. ಯಾವುದೆಂದು ತಿಳಿಯದಿದ್ದರೆ ಒಂದು ಗಂಟೆ ಕಾಯುವುದು ಕ್ಷೇಮ. ಕಂಡೆನ್ಸೇಷನ್ ಸಿಲಿಕೋನ್ ಬೇರೆಯೇ ಜಾತಿ: ಅದರಿಂದ ಆಲ್ಕೊಹಾಲ್ ಆವಿಯಾಗಿ ಹೋಗುತ್ತ ಕುಗ್ಗುತ್ತದೆ, ಬೇಗ ಎರೆಯಬೇಕು. ಡಬ್ಬಿಗಳು ನೋಡಲು ಒಂದೇ ಥರ ಇರುವುದರಿಂದ ಯಾವುದರಲ್ಲಿ ತೆಗೆದಿರಿ ಎಂದು ಚೀಟಿಯಲ್ಲಿ ಬರೆದು ಕಳುಹಿಸಿ. ಪಾಲಿಈಥರ್ ಎಂಬ ಇನ್ನೊಂದು ಅಳತೆ ಸಾಮಗ್ರಿಯನ್ನು ಬಳಸುವವರು ಅದನ್ನು ಒದ್ದೆ ಆಲ್ಜಿನೇಟ್ ಅಳತೆಯ ಜೊತೆ ಒಂದೇ ಚೀಲದಲ್ಲಿ ಹಾಕಬೇಡಿ, ಅದು ತೇವ ಹೀರಿ ಉಬ್ಬುತ್ತದೆ.

ಕಲಬುರಗಿ ವೈದ್ಯೆ

ಮಂಗಳೂರಿನವರ ಊಹೆ ಸರಿಯಾಗಿತ್ತು. ಪುಟ್ಟಿ ಕಲಸಿದ್ದು ವಿನೈಲ್‌ನಲ್ಲಿ, ಕಾರ್ಡ್ ಇಟ್ಟದ್ದು ನಾನು, ಲೇಟೆಕ್ಸ್ ಕೈಗವಸಿನಲ್ಲಿ. ನಿನ್ನೆ ಅದೇ ರೋಗಿಯನ್ನು ಬೆಳಿಗ್ಗೆ ಒಂಬತ್ತಕ್ಕೆ ಕರೆಸಿದೆ. ನೈಟ್ರೈಲ್ ಧರಿಸಿ ಕಾರ್ಡ್ ಇಟ್ಟು, ಹಲ್ಲನ್ನು ತೊಳೆದು ಒಣಗಿಸಿ, ಒಂದೇ ಹಂತದಲ್ಲಿ ತೆಗೆದೆ. ಮಾರ್ಜಿನ್ ಪೂರ್ತಿ ಲೈಟ್ ಬಾಡಿಯ ಬಣ್ಣದಲ್ಲಿಯೇ ಬಂದಿದೆ, ಎಲ್ಲಿಯೂ ಜಿಡ್ಡಿಲ್ಲ. ಅಡಿಷನ್ ಸಿಲಿಕೋನ್ ಎಂದು ಚೀಟಿಯಲ್ಲಿ ಬರೆದು ರಾತ್ರಿಯ ಬಸ್ಸಿಗೆ ಹಾಕಿದ್ದೇನೆ. ಇನ್ನು ಮುಂದೆ ಅಳತೆಯ ರೋಗಿಗಳನ್ನೆಲ್ಲ ಮೇ ಮುಗಿಯುವವರೆಗೆ ಹನ್ನೊಂದು ಗಂಟೆಯೊಳಗೆ ಬರಲು ಹೇಳಲಿದ್ದೇನೆ. ಲೇಟೆಕ್ಸ್ ಪೆಟ್ಟಿಗೆಯನ್ನು ಹಲ್ಲು ಕೀಳುವ ಸಲಕರಣೆಗಳ ಕಪಾಟಿಗೆ ಸಾಗಿಸಿಯಾಗಿದೆ.